ಕೊಳ್ಳದ ಟಿಕೆಟಿಗೆ ಬಂದ ಬಹುಮಾನ: ನಕಲಿ ಲಾಟರಿ ಪತ್ರಗಳನ್ನು ಗುರುತಿಸುವ ಬಗೆ

ಪೀಠಿಕೆ

ಮಂಗಳೂರು ನಗರದ ಉತ್ತರ ಭಾಗದಲ್ಲಿ, ಫಲ್ಗುಣಿ ನದಿಯ ದಡದಲ್ಲಿ ನೆಲೆಸಿರುವ ಕೂಳೂರು ಹೆದ್ದಾರಿಯ ಮೇಲಿನ ಊರು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ನದಿಯನ್ನು ದಾಟಿ, ಒಂದು ಕಡೆ ಪಣಂಬೂರಿನ ಬಂದರಿನತ್ತಲೂ ಇನ್ನೊಂದು ಕಡೆ ನಗರವನ್ನು ಹಾದು ತಲಪಾಡಿಯ ಗಡಿಯತ್ತಲೂ ಸಾಗುತ್ತದೆ. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರು, ಅದರ ಆಸುಪಾಸಿನಲ್ಲಿ ತಲೆಯೆತ್ತಿದ ರಸಗೊಬ್ಬರ ಮೊದಲಾದ ಕಾರ್ಖಾನೆಗಳು, ಲಾರಿ ಸಾಗಾಣಿಕೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣ, ಇವು ಈ ಪ್ರದೇಶದ ಅನೇಕ ಮನೆಗಳಿಗೆ ಜೀವನಾಧಾರವಾಗಿವೆ. ಪಾಳಿಯ ಮೇಲೆ ಪಾಳಿ ದುಡಿದು ನಿವೃತ್ತರಾದವರ ಭವಿಷ್ಯನಿಧಿ, ಮಗಳ ಮದುವೆಗೆಂದು ಬ್ಯಾಂಕಿನಲ್ಲಿಟ್ಟ ಠೇವಣಿ, ಮನೆ ಕಟ್ಟಲೆಂದು ವರ್ಷಗಟ್ಟಲೆ ಕೂಡಿಸಿದ ಉಳಿತಾಯ, ಇಂತಹ ಹಣ ದೊಡ್ಡದಲ್ಲದಿರಬಹುದು. ಆದರೆ ಒಮ್ಮೆ ಹೋದರೆ ಮರಳಿ ಗಳಿಸಲು ಆ ಮನೆಯವರಿಗೆ ಇನ್ನೊಂದು ಆಯುಷ್ಯವೇ ಬೇಕಾಗುತ್ತದೆ.

ಇಂತಹ ಮನೆಗಳ ದೂರವಾಣಿಗೆ ಇಂದು ಯಾವುದೇ ವೇಳೆಯಲ್ಲಿ ಒಂದು ಪತ್ರ ಬರಬಹುದು. ಇ-ಮೇಲ್ ಮೂಲಕವೋ ವಾಟ್ಸ್ಆ್ಯಪ್ ಮೂಲಕವೋ ಬರುವ ಆ ಪತ್ರ, ಪಡೆಯುವವನಿಗೆ ಲಕ್ಷಾಂತರ ರೂಪಾಯಿಯ ಲಾಟರಿ ಬಹುಮಾನ ಬಂದಿದೆಯೆಂದು ಅಭಿನಂದಿಸುತ್ತದೆ. ಅವನು ಯಾವ ಟಿಕೆಟನ್ನೂ ಕೊಂಡಿರುವುದಿಲ್ಲ. ಆದರೂ ಓದುತ್ತಾ ಹೋದಂತೆ ಮನಸ್ಸು ಒಂದು ಕ್ಷಣ ಅಲುಗುತ್ತದೆ. ಆ ಒಂದು ಕ್ಷಣವೇ ವಂಚಕನ ಬಂಡವಾಳ.

ಈ ವಂಚನೆಯನ್ನು ಗುರುತಿಸಲು ಗಣಕಯಂತ್ರದ ಪಾಂಡಿತ್ಯ ಬೇಕಾಗಿಲ್ಲ. ಹಣ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ನಿಜವಾದ ಬಹುಮಾನದಲ್ಲಿ ಹಣವು ಕೊಡುವವನಿಂದ ಗೆದ್ದವನ ಕಡೆಗೆ ಬರುತ್ತದೆ. ನಕಲಿ ಬಹುಮಾನದಲ್ಲಿ ಗೆದ್ದವನಿಂದ ಕೊಡುವವನ ಕಡೆಗೆ ಹೋಗುತ್ತದೆ. ಉಳಿದೆಲ್ಲವೂ ಈ ಒಂದು ಸೂತ್ರದ ವಿವರಣೆ.

ನಿಜವಾದ ಲಾಟರಿಯ ಸ್ವರೂಪ

ನಾಣ್ಯವನ್ನು ಪರೀಕ್ಷಿಸುವವನು ಮೊದಲು ಅಸಲಿ ನಾಣ್ಯದ ತೂಕ, ಧ್ವನಿಗಳನ್ನು ಅರಿತಿರಬೇಕು. ಹಾಗೆಯೇ ನಕಲಿ ಲಾಟರಿಯನ್ನು ತಿಳಿಯಬೇಕಾದರೆ ನಿಜವಾದ ಲಾಟರಿ ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ಕರಾವಳಿಯ ಜನರಿಗೆ ಇದಕ್ಕೆ ಉದಾಹರಣೆ ದೂರದಲ್ಲಿಲ್ಲ.

ಕರ್ನಾಟಕದಲ್ಲಿ ಹಿಂದೆ ಸರ್ಕಾರವೇ ಲಾಟರಿಯನ್ನು ನಡೆಸುತ್ತಿತ್ತು. ದಿನಗೂಲಿಯವರ ಸಂಸಾರಗಳು ಇದರಿಂದ ಹಾಳಾಗುತ್ತಿವೆಯೆಂಬ ಕೂಗು ಬಲವಾಗಿ, 2007ರ ಏಪ್ರಿಲ್ ತಿಂಗಳಿನಿಂದ ರಾಜ್ಯದಲ್ಲಿ ಎಲ್ಲ ಬಗೆಯ ಲಾಟರಿ ಮಾರಾಟವನ್ನೂ ನಿಷೇಧಿಸಲಾಯಿತು. ಆದುದರಿಂದ ‘ಕರ್ನಾಟಕ ಸರ್ಕಾರದ ಲಾಟರಿ’ ಎಂಬ ಹೆಸರಿನಲ್ಲಿ ಬರುವ ಯಾವುದೇ ಅಭಿನಂದನಾ ಪತ್ರ ಸುಳ್ಳೆಂದು ಮೊದಲ ಸಾಲಿನಲ್ಲಿಯೇ ನಿರ್ಧರಿಸಬಹುದು.

ಆದರೆ ತಲಪಾಡಿಯ ಗಡಿಯನ್ನು ದಾಟಿದೊಡನೆ ಸ್ಥಿತಿ ಬೇರೆ. ಕೇರಳ ಸರ್ಕಾರವು 1967ರಲ್ಲಿ ಲಾಟರಿ ಇಲಾಖೆಯನ್ನು ಸ್ಥಾಪಿಸಿತು. ಆ ವರ್ಷದ ನವೆಂಬರ್ 1ರಂದು ಒಂದು ರೂಪಾಯಿ ಬೆಲೆಯ ಮೊದಲ ಟಿಕೆಟುಗಳು ಮಾರಾಟಕ್ಕೆ ಬಂದವು. 1968ರ ಜನವರಿ 26ರಂದು ನಡೆದ ಮೊದಲ ಡ್ರಾದಲ್ಲಿ ಪ್ರಥಮ ಬಹುಮಾನ 50,000 ರೂಪಾಯಿಯಾಗಿತ್ತು. ಆ ಇಲಾಖೆ ಇಂದಿಗೂ ನಡೆಯುತ್ತಿದೆ. ಅದರ ಟಿಕೆಟು ಕಾಗದದ್ದು. ಅಂತರಜಾಲದಲ್ಲಿ ಅದನ್ನು ಇಲಾಖೆ ಮಾರುವುದಿಲ್ಲ. ಡ್ರಾ ಬಹಿರಂಗವಾಗಿ ನಡೆಯುತ್ತದೆ, ಫಲಿತಾಂಶ ಸರ್ಕಾರಿ ಗೆಜೆಟಿನಲ್ಲಿ ಪ್ರಕಟವಾಗುತ್ತದೆ. ಗೆದ್ದವನು ಗೆಜೆಟಿನೊಡನೆ ಸಂಖ್ಯೆಯನ್ನು ತಾಳೆ ನೋಡಿ, ಮೂಲ ಟಿಕೆಟನ್ನು 30 ದಿನಗಳೊಳಗೆ ಒಪ್ಪಿಸಬೇಕು. ಇಲ್ಲಿ ಇಲಾಖೆಯು ಗೆದ್ದವನನ್ನು ಹುಡುಕಿಕೊಂಡು ಹೋಗುವುದಿಲ್ಲ; ಗೆದ್ದವನೇ ಟಿಕೆಟನ್ನು ಹಿಡಿದು ಇಲಾಖೆಯ ಬಳಿಗೆ ಹೋಗಬೇಕು. ಯಾರಿಗೆ ಟಿಕೆಟು ಮಾರಾಟವಾಯಿತೆಂಬ ಹೆಸರು, ದೂರವಾಣಿ ಸಂಖ್ಯೆಗಳು ಅಂಗಡಿಯವನ ಬಳಿಯೂ ಇರುವುದಿಲ್ಲ. ಹೀಗಿರಲು ಕೊಳ್ಳದವನ ಇ-ಮೇಲ್ ವಿಳಾಸ ಅವರಿಗೆ ದೊರೆಯುವುದಾದರೂ ಹೇಗೆ?

ಕೊಲ್ಲಿ ರಾಷ್ಟ್ರಗಳ ಡ್ರಾಗಳ ಸುದ್ದಿಯೂ ಕರಾವಳಿಯ ಮನೆಗಳಲ್ಲಿ ಚಿರಪರಿಚಿತ. ದುಬೈ ವಿಮಾನ ನಿಲ್ದಾಣದ ಸುಂಕರಹಿತ ಮಳಿಗೆಯವರು 1999ರಿಂದ ನಡೆಸಿಕೊಂಡು ಬಂದ ಹತ್ತು ಲಕ್ಷ ಡಾಲರಿನ ಬಹುಮಾನ ಯೋಜನೆಯಲ್ಲಿ ಪ್ರತಿ ಸರಣಿಗೆ ಐದು ಸಾವಿರ ಟಿಕೆಟುಗಳು ಮಾತ್ರ ಇರುತ್ತವೆ. ಕೊಂಡವನ ಹೆಸರಿನ ಎದುರು ಸಂಖ್ಯೆ ದಾಖಲಾಗಿರುತ್ತದೆ. ಇಂತಹ ಬಹುಮಾನಗಳನ್ನು ಗೆದ್ದ ಭಾರತೀಯರು ಅನೇಕರಿದ್ದಾರೆಂಬುದು ಸತ್ಯ. ಆ ಸತ್ಯವನ್ನೇ ವಂಚಕನು ತನ್ನ ಸುಳ್ಳಿಗೆ ಹೊದಿಕೆಯಾಗಿ ಬಳಸುತ್ತಾನೆ. ನೆರೆಮನೆಯವರ ಸಂಬಂಧಿಕನಿಗೆ ಬಂದದ್ದು ತನಗೇಕೆ ಬರಬಾರದು ಎಂಬ ಆಲೋಚನೆ ಹುಟ್ಟಿದರೆ ಅವನ ಅರ್ಧ ಕೆಲಸ ಮುಗಿದಂತೆ. ಗಡಿಯಾಚೆ ನಿಜವಾದ ಲಾಟರಿಯೂ ಕಡಲಾಚೆ ನಿಜವಾದ ಬಹುಮಾನವೂ ಇರುವ ಈ ಪ್ರದೇಶದಲ್ಲಿ ಸುಳ್ಳು ಬಹುಮಾನ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಆದುದರಿಂದಲೇ ಎಚ್ಚರವೂ ಹೆಚ್ಚು ಬೇಕು.

ಹಳೆಯ ಮೋಸದ ಹೊಸ ವೇಷ

ಈ ವಂಚನೆ ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ಫ್ರಾನ್ಸ್ ದೇಶದಲ್ಲಿ ಮೊದಲು ಅಪರಾಧಿಯಾಗಿದ್ದು ಅನಂತರ ಪತ್ತೇದಾರಿಯ ಮುಖ್ಯಸ್ಥನಾದ ಯೂಜೀನ್ ಫ್ರಾಂಸ್ವಾ ವಿದೋಕ್ ಎಂಬಾತ 1828ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ‘ಜೆರುಸಲೇಮಿನ ಪತ್ರಗಳು’ ಎಂಬ ಒಂದು ಮೋಸವನ್ನು ವಿವರಿಸಿದ್ದಾನೆ. ಸೆರೆಮನೆಯಲ್ಲಿದ್ದ ಖೈದಿಗಳು ಹಣವಂತರ ವಿಳಾಸಗಳನ್ನು ಸಂಪಾದಿಸಿ, ಶ್ರೀಮಂತನೊಬ್ಬನ ಆಭರಣದ ಪೆಟ್ಟಿಗೆ ಗುಪ್ತ ಸ್ಥಳದಲ್ಲಿ ಉಳಿದಿದೆಯೆಂದೂ ಸ್ವಲ್ಪ ಖರ್ಚಿಗೆ ಕೊಟ್ಟರೆ ಅದನ್ನು ತೋರಿಸುವೆವೆಂದೂ ಬರೆಯುತ್ತಿದ್ದರಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಕಥೆ ‘ಸ್ಪೇನಿನ ಖೈದಿ’ ಎಂಬ ಹೆಸರಿನಿಂದ ಯೂರೋಪು, ಅಮೆರಿಕಗಳಲ್ಲಿ ಹಬ್ಬಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೈಜೀರಿಯಾದಿಂದ ಹೊರಟ ಪತ್ರಗಳ ದೆಸೆಯಿಂದ, ಆ ದೇಶದ ದಂಡಸಂಹಿತೆಯ ಕಲಮಿನ ಸಂಖ್ಯೆಯಾದ ‘419’ ಎಂಬುದೇ ಈ ಬಗೆಯ ಮೋಸಕ್ಕೆ ಹೆಸರಾಯಿತು. ಪೆಟ್ಟಿಗೆ, ಖೈದಿ, ಸತ್ತುಹೋದ ಸಿರಿವಂತ, ಲಾಟರಿ, ಹೀಗೆ ಕಥೆ ಬದಲಾಗಿದೆ. ‘ದೊಡ್ಡದು ಬರಲಿದೆ, ಅದಕ್ಕಾಗಿ ಚಿಕ್ಕದನ್ನು ಮೊದಲು ಕೊಡು’ ಎಂಬ ತಿರುಳು ಮಾತ್ರ ಇನ್ನೂರು ವರ್ಷಗಳಿಂದ ಬದಲಾಗಿಲ್ಲ.

ಭಾರತದಲ್ಲಿ ಇದು ಜನಪ್ರಿಯ ಹೆಸರುಗಳ ಆಸರೆಯನ್ನು ಪಡೆದಿದೆ. ಹೆಸರಾಂತ ವಿದೇಶೀ ಕಂಪನಿಗಳು ತಮ್ಮ ವಾರ್ಷಿಕೋತ್ಸವಕ್ಕೆ ಇ-ಮೇಲ್ ವಿಳಾಸಗಳ ನಡುವೆ ಚೀಟಿ ಎತ್ತಿದುವೆಂಬ ಪತ್ರಗಳು ಬಹುಕಾಲ ಓಡಾಡಿದವು. 2000ದಲ್ಲಿ ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’ ಎಂಬ ದೂರದರ್ಶನ ಸ್ಪರ್ಧೆಯ ಹೆಸರಿನಲ್ಲಿ 25 ಲಕ್ಷ ರೂಪಾಯಿ ಗೆದ್ದಿರುವಿರೆಂಬ ವಾಟ್ಸ್ಆ್ಯಪ್ ಸಂದೇಶ ದೇಶದ ಮೂಲೆಮೂಲೆಗೂ ಹೋಗಿದೆ. ಅವುಗಳಲ್ಲಿ ಅನೇಕವು 92 ಎಂಬ ಅಂಕೆಯಿಂದ ಆರಂಭವಾಗುವ ಸಂಖ್ಯೆಗಳಿಂದ ಬಂದವು. ಭಾರತದ ದೂರವಾಣಿ ಸಂಖ್ಯೆ 91ರಿಂದ ಆರಂಭವಾಗುತ್ತದೆಂಬ ಸಣ್ಣ ತಿಳಿವಳಿಕೆಯಿದ್ದವರು ಅಲ್ಲಿಯೇ ಎಚ್ಚೆತ್ತರು. ಮಾರಾಟ ಸಂಸ್ಥೆಗಳ ಹೆಸರಿನಲ್ಲಿ ಅಂಚೆಯ ಮೂಲಕವೇ ಕೆರೆದು ನೋಡುವ ಕಾರ್ಡನ್ನು ಕಳುಹಿಸಿ, ಕಾರು ಬಂದಿದೆಯೆಂದು ನಂಬಿಸುವ ಕ್ರಮವೂ ಇದೆ. ಕೇರಳ ಲಾಟರಿಯ ಹೆಸರನ್ನೇ ಹೊತ್ತ ನಕಲಿ ಆ್ಯಪ್‌ಗಳೂ ಹುಟ್ಟಿಕೊಂಡಿವೆ.

ಒಂದು ಮಾದರಿ ಪತ್ರ

ಇಂತಹ ಪತ್ರಗಳ ಸಾಮಾನ್ಯ ಲಕ್ಷಣಗಳನ್ನು ಒಟ್ಟುಗೂಡಿಸಿ, ಪಾಠದ ಉದ್ದೇಶಕ್ಕಾಗಿ ರಚಿಸಿದ ಒಂದು ಮಾದರಿಯನ್ನು ಇಲ್ಲಿ ಪರಿಶೀಲಿಸಬಹುದು:

“ಪ್ರಿಯ ಅದೃಷ್ಟಶಾಲಿಗಳೇ, ಅಂತರರಾಷ್ಟ್ರೀಯ ಇ-ಮೇಲ್ ಲಾಟರಿಯಲ್ಲಿ ನಿಮ್ಮ ವಿಳಾಸವು 7,50,000 ಪೌಂಡ್ ಬಹುಮಾನಕ್ಕೆ ಆಯ್ಕೆಯಾಗಿದೆ. ಮೊತ್ತವು ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಜಮೆಯಾಗಿದೆ. 48 ಗಂಟೆಗಳೊಳಗೆ ಹೆಸರು, ವಯಸ್ಸು, ವೃತ್ತಿ, ಬ್ಯಾಂಕ್ ಖಾತೆ, ಆಧಾರ್ ಪ್ರತಿ ಕಳುಹಿಸಿರಿ. ಭದ್ರತೆಯ ಕಾರಣ ಈ ವಿಷಯವನ್ನು ಯಾರಿಗೂ ತಿಳಿಸತಕ್ಕದ್ದಲ್ಲ.”

ನಾಲ್ಕೈದು ಸಾಲಿನ ಈ ಪತ್ರದಲ್ಲಿ ಕನಿಷ್ಠ ಆರು ದೋಷಗಳಿವೆ.

ಮೊದಲನೆಯದು, ಸಂಬೋಧನೆ. ಗೆದ್ದವನನ್ನು ಬಲ್ಲವರು ಅವನ ಹೆಸರನ್ನೂ ಬಲ್ಲರು. ‘ಅದೃಷ್ಟಶಾಲಿಗಳೇ’ ಎಂಬ ಮಾತು ಒಂದೇ ಪತ್ರ ಲಕ್ಷ ಜನರಿಗೆ ಹೋಗಿರುವುದರ ಗುರುತು.

ಎರಡನೆಯದು, ಟಿಕೆಟಿಲ್ಲದ ಲಾಟರಿ. ಲಾಟರಿಯ ಬಹುಮಾನವೆಂಬುದು ಟಿಕೆಟು ಕೊಂಡವರ ಹಣದ ಒಂದು ಪಾಲು. ಯಾರೂ ಟಿಕೆಟು ಕೊಳ್ಳದಿದ್ದರೆ ಬಹುಮಾನದ ಹಣ ಎಲ್ಲಿಂದ ಬರಬೇಕು? ಬರಿಯ ಇ-ಮೇಲ್ ವಿಳಾಸವಿದ್ದ ಮಾತ್ರಕ್ಕೆ ಹಣ ಹಂಚುವ ಲಾಟರಿ ಭೂಮಿಯ ಮೇಲೆ ಇಲ್ಲ.

ಮೂರನೆಯದು, ರಿಸರ್ವ್ ಬ್ಯಾಂಕಿನ ಹೆಸರು. ವ್ಯಕ್ತಿಗಳ ಹೆಸರಿನಲ್ಲಿ ಹಣವನ್ನು ಇಟ್ಟುಕೊಂಡು ಹಂಚುವಂತಹ ಖಾತೆಗಳನ್ನು ತಾನು ಹೊಂದಿಲ್ಲವೆಂದು ಆ ಬ್ಯಾಂಕು ಮತ್ತೆ ಮತ್ತೆ ಸಾರ್ವಜನಿಕರಿಗೆ ತಿಳಿಸಿದೆ.

ನಾಲ್ಕನೆಯದು, ಕಾಲದ ಒತ್ತಡ. ಯೋಚಿಸುವುದಕ್ಕೂ ನಾಲ್ಕು ಜನರನ್ನು ಕೇಳುವುದಕ್ಕೂ ಅವಕಾಶ ಕೊಡದಿರುವುದೇ 48 ಗಂಟೆಗಳ ಉದ್ದೇಶ. ಕೇರಳದ ಇಲಾಖೆ 30 ದಿನ ಕೊಡುತ್ತದೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

ಐದನೆಯದು, ಕೇಳಿದ ವಿವರಗಳು. ಹಣವನ್ನು ಜಮೆ ಮಾಡಲು ಖಾತೆಯ ಸಂಖ್ಯೆ ಸಾಕು. ವಯಸ್ಸು, ವೃತ್ತಿ, ಆಧಾರ್ ಪ್ರತಿಗಳು ಬೇಕಾಗುವುದು ಎಷ್ಟು ಹಣ ಕೀಳಬಹುದೆಂಬ ಅಂದಾಜಿಗೆ, ಅಥವಾ ಆ ಹೆಸರಿನಲ್ಲಿ ಬೇರೆ ಮೋಸಕ್ಕೆ.

ಆರನೆಯದು, ಗುಟ್ಟು. ಇದರ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ನೋಡುವುದು ಉಚಿತ.

ಕಳುಹಿಸಿದವರ ವಿಳಾಸವನ್ನು ಪರೀಕ್ಷಿಸುವ ಕ್ರಮವನ್ನೂ ತಿಳಿದಿರಬೇಕು. ಇ-ಮೇಲಿನಲ್ಲಿ ಮೇಲುಗಡೆ ಕಾಣುವ ಹೆಸರನ್ನು ಯಾರು ಹೇಗೆ ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು ಆ ಹೆಸರಿನ ಹಿಂದಿರುವ ಪೂರ್ಣ ವಿಳಾಸವನ್ನು. ಆ ವಿಳಾಸವನ್ನು ಕೊನೆಯಿಂದ ಮೊದಲಿಗೆ ಓದಬೇಕು. ಕೇರಳ ಸರ್ಕಾರದ ಜಾಲತಾಣದ ಹೆಸರು ‘ಕೇರಳ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ‘ಕೇರಳ ಗವ್ ಲಾಟರಿ ಡಾಟ್ ಕಾಮ್’ ಎಂಬಂತಹ ವಿಳಾಸದಲ್ಲಿ ಸರ್ಕಾರದ ಹೆಸರು ಮುಂದೆ ಇದೆಯೇ ಹೊರತು ಕೊನೆಯಲ್ಲಿಲ್ಲ. ಅಂತಹ ಹೆಸರನ್ನು ಯಾರು ಬೇಕಾದರೂ ಅಲ್ಪ ಹಣ ಕೊಟ್ಟು ಪಡೆಯಬಹುದು. ಹಾಗೆಯೇ ಕೋಟಿಗಟ್ಟಲೆ ಹಣ ಹಂಚುವ ಸಂಸ್ಥೆಯೊಂದು ಎಲ್ಲರಿಗೂ ಉಚಿತವಾಗಿ ಸಿಗುವ ಇ-ಮೇಲ್ ವಿಳಾಸದಿಂದ ಪತ್ರ ಬರೆಯುತ್ತದೆಂದರೆ ಅದು ನಂಬತಕ್ಕ ಮಾತಲ್ಲ.

ಪತ್ರದ ತುಂಬ ಭಾಷೆಯ ತಪ್ಪುಗಳಿರುವುದನ್ನು ಕಂಡು ವಿದ್ಯಾವಂತರು ನಗುವುದುಂಟು. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ವಿವೇಚನಾರ್ಹ ಕಾರಣವನ್ನು ಸೂಚಿಸಿದ್ದಾರೆ. ಪತ್ರ ಕಳುಹಿಸಲು ವಂಚಕನಿಗೆ ಖರ್ಚಿಲ್ಲ; ಉತ್ತರಿಸಿದವರೊಡನೆ ದಿನಗಟ್ಟಲೆ ಮಾತನಾಡುವುದೇ ಅವನ ಖರ್ಚು. ನಂಬಲಾಗದಂತಹ ಪತ್ರವನ್ನೇ ಬರೆದರೆ ಅನುಮಾನ ಪಡುವವರೆಲ್ಲ ತಾವಾಗಿಯೇ ದೂರ ಸರಿಯುತ್ತಾರೆ. ಸುಲಭವಾಗಿ ನಂಬುವ ಕೆಲವರು ಮಾತ್ರ ಜರಡಿಯಲ್ಲಿ ಉಳಿಯುತ್ತಾರೆ. ಅಂದರೆ ಆ ತಪ್ಪುಗಳು ಸೋಸುವ ಸಾಧನ. ನಕ್ಕು ಅಳಿಸಿದವನು ಉಳಿದುಕೊಂಡನು. ಆದರೆ ಅದೇ ಪತ್ರ ಅವನ ಮನೆಯ ಹಿರಿಯರಿಗೂ ಬಂದಿರಬಹುದೆಂಬುದನ್ನು ಅವನು ಮರೆಯಬಾರದು. ಈಗಂತೂ ಯಂತ್ರಗಳ ಸಹಾಯದಿಂದ ಶುದ್ಧ ಕನ್ನಡದಲ್ಲಿಯೇ ಪತ್ರ ಬರೆಸಬಹುದಾದ ಕಾಲ ಬಂದಿರುವುದರಿಂದ, ಭಾಷೆ ಶುದ್ಧವಾಗಿದೆಯೆಂಬುದು ಪತ್ರ ನಿಜವೆಂಬುದಕ್ಕೆ ಆಧಾರವಾಗದು.

ಹಣ ಹರಿಯುವ ದಿಕ್ಕು

ಪತ್ರಕ್ಕೆ ಉತ್ತರ ಬರೆದ ಮೇಲೆ ನಡೆಯುವುದೇನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಕೂಳೂರಿನ ನಿವೃತ್ತ ಕಾರ್ಮಿಕರೊಬ್ಬರು ಉತ್ತರಿಸಿದರೆಂದು ಭಾವಿಸೋಣ. ಮೊದಲು ಅವರಿಂದ ಕಡತದ ಶುಲ್ಕವೆಂದು 8,500 ರೂಪಾಯಿ ಕೇಳಲಾಗುತ್ತದೆ. ಅನಂತರ ವಿದೇಶೀ ಹಣವನ್ನು ರೂಪಾಯಿಗೆ ಪರಿವರ್ತಿಸುವ ವೆಚ್ಚವೆಂದು 24,500. ಕಸ್ಟಮ್ಸ್ ಅಧಿಕಾರಿಗಳು ತಡೆದಿದ್ದಾರೆಂದು 62,000. ಕೊನೆಗೆ ಆದಾಯ ತೆರಿಗೆಯೆಂದು 1,15,000. ಒಟ್ಟು 2,10,000 ರೂಪಾಯಿ ಹೋಗಿರುತ್ತದೆ. ಬಂದದ್ದು ಒಂದು ಕಾಸೂ ಇಲ್ಲ.

ಮೊದಲ ಬಾರಿಗೇ ಎರಡು ಲಕ್ಷ ಕೇಳಿದ್ದರೆ ಅವರು ಖಂಡಿತ ಕೊಡುತ್ತಿರಲಿಲ್ಲ. ಆದರೆ 8,500 ಕೊಟ್ಟವನಿಗೆ ಅದು ವ್ಯರ್ಥವಾಗಬಾರದೆಂಬ ಚಿಂತೆ ಹತ್ತುತ್ತದೆ. ಅದನ್ನು ಉಳಿಸಿಕೊಳ್ಳಲು 24,500 ಕೊಡುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತೆಂಬ ಭಯವೇ ಮುಂದಿನ ಪ್ರತಿಯೊಂದು ಕಂತನ್ನೂ ಕಟ್ಟಿಸುತ್ತದೆ. ಅಂದರೆ ಇಲ್ಲಿ ಕೆಲಸ ಮಾಡುವುದು ಬರಿಯ ದುರಾಸೆಯಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಮನುಷ್ಯ ಸಹಜವಾದ ಹಂಬಲವೂ ಹೌದು. ಆದುದರಿಂದ ಯಾವ ಹಂತದಲ್ಲಿ ಎಚ್ಚರವಾದರೂ ಅಲ್ಲಿಯೇ ನಿಲ್ಲಿಸುವುದು ಲಾಭ; ಹೋದದ್ದನ್ನು ಹಿಂಬಾಲಿಸಿ ಇನ್ನಷ್ಟನ್ನು ಕಳುಹಿಸಬಾರದು.

ತೆರಿಗೆಯ ಮಾತಿನಿಂದ ಅನೇಕರು ಮೋಸಹೋಗುವುದರಿಂದ ಅದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಭಾರತದಲ್ಲಿ ಲಾಟರಿಯ ಬಹುಮಾನಕ್ಕೆ ಶೇಕಡಾ 30ರ ದರದಲ್ಲಿ ಆದಾಯ ತೆರಿಗೆಯುಂಟು. ಬಹುಮಾನ 10,000 ರೂಪಾಯಿಯನ್ನು ಮೀರಿದಾಗ ಈ ತೆರಿಗೆಯನ್ನು ಬಹುಮಾನ ಕೊಡುವವರೇ ಅದರಿಂದ ಕಳೆದುಕೊಂಡು ಸರ್ಕಾರಕ್ಕೆ ಕಟ್ಟಿ, ಉಳಿದುದನ್ನು ಗೆದ್ದವನಿಗೆ ಕೊಡುತ್ತಾರೆ. ಕಾರು ಮೊದಲಾದ ವಸ್ತುರೂಪದ ಬಹುಮಾನಗಳಲ್ಲಿ ಮಾತ್ರ, ವಸ್ತುವನ್ನು ಒಪ್ಪಿಸುವ ಮೊದಲು ತೆರಿಗೆ ಸಂದಾಯವಾಗಿದೆಯೆಂಬುದನ್ನು ಕೊಡುವವರು ಖಚಿತಪಡಿಸಿಕೊಳ್ಳಬೇಕು. ಆಗಲೂ ತೆರಿಗೆ ಸೇರುವುದು ಸರ್ಕಾರದ ಖಜಾನೆಗೇ ಹೊರತು ಯಾವುದೋ ವ್ಯಕ್ತಿಯ ಉಳಿತಾಯ ಖಾತೆಗಲ್ಲ, ದೂರವಾಣಿ ಸಂಖ್ಯೆಗೂ ಅಲ್ಲ. ‘ತೆರಿಗೆಯನ್ನು ಈ ಖಾತೆಗೆ ಹಾಕಿ’ ಎಂದು ಒಬ್ಬ ವ್ಯಕ್ತಿಯ ಹೆಸರಿನ ಖಾತೆಯನ್ನು ಕೊಟ್ಟಾಗಲೇ ಮೋಸ ಸಿದ್ಧವಾಯಿತು.

ವಿದೇಶೀ ಲಾಟರಿಯ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟಾಗಿದೆ. 1999ರ ವಿದೇಶೀ ವಿನಿಮಯ ನಿರ್ವಹಣಾ ಅಧಿನಿಯಮದಡಿ 2000ದಲ್ಲಿ ರಚಿತವಾದ ನಿಯಮಗಳ ಪ್ರಕಾರ ಲಾಟರಿ ಟಿಕೆಟು ಕೊಳ್ಳಲು ಭಾರತದಿಂದ ಹೊರದೇಶಕ್ಕೆ ಹಣ ಕಳುಹಿಸುವುದು ನಿಷಿದ್ಧ. ರಿಸರ್ವ್ ಬ್ಯಾಂಕು 2010ರ ಮೇ 26ರ ಸುತ್ತೋಲೆಯಲ್ಲಿ ಲಾಟರಿ ಮತ್ತು ಇತರ ಕಲ್ಪಿತ ಕೊಡುಗೆಗಳಿಗಾಗಿ ಹಣ ರವಾನೆಯಾಗುವುದರ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಆದುದರಿಂದ ವಿದೇಶೀ ಬಹುಮಾನದ ಶುಲ್ಕವೆಂದು ಹೊರದೇಶಕ್ಕೆ ಹಣ ಕಳುಹಿಸಲು ಹೊರಡುವವನು ಉಳಿತಾಯವನ್ನು ಕಳೆದುಕೊಳ್ಳುವುದರೊಂದಿಗೆ ನಿಯಮದ ಉಲ್ಲಂಘನೆಗೂ ಸಿಲುಕುವ ಅಪಾಯವಿದೆ.

ದಿಕ್ಕಿನ ಸೂತ್ರ ಇಂದಿನ ದೂರವಾಣಿ ಪಾವತಿಗೂ ಅನ್ವಯಿಸುತ್ತದೆ. ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯುವವನು ಗುಪ್ತ ಪಿನ್ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಕೊಡುವುದಕ್ಕೆ ಮಾತ್ರ. ‘ಬಹುಮಾನ ಪಡೆಯಲು ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ’ ಎಂದರೆ ಹಣ ಹೊರಗೆ ಹೋಗುತ್ತಿದೆಯೆಂದೇ ಅರ್ಥ. ಒಟಿಪಿ ಸಂಖ್ಯೆಯನ್ನು ಹೇಳಬಾರದು. ದೂರವಾಣಿಯ ಪರದೆಯನ್ನು ಬೇರೆಯವರು ನೋಡುವಂತೆ ಮಾಡುವ ಆ್ಯಪ್‌ಗಳನ್ನು ಅಪರಿಚಿತರ ಮಾತಿನಂತೆ ಹಾಕಿಕೊಳ್ಳಬಾರದು.

ಗುಟ್ಟು ಮತ್ತು ನಾಚಿಕೆ

ಇಂತಹ ಪತ್ರಗಳಲ್ಲಿ ‘ಯಾರಿಗೂ ತಿಳಿಸಬೇಡಿ’ ಎಂಬ ಮಾತು ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಮನೆಯ ಜಗಲಿಯಲ್ಲಿ ಕುಳಿತು ಆ ಪತ್ರವನ್ನು ನಾಲ್ವರೆದುರು ಗಟ್ಟಿಯಾಗಿ ಓದಿದರೆ ಅದು ಐದು ನಿಮಿಷವೂ ಬಾಳದು. ಮಗಳೋ ಮೊಮ್ಮಗನೋ ನೆರೆಯವರೋ ‘ನೀವು ಟಿಕೆಟು ಯಾವಾಗ ತೆಗೆದಿರಿ?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಪ್ಪಿಸುವುದೇ ಗುಟ್ಟಿನ ಉದ್ದೇಶ.

ಮೋಸಹೋದ ಮೇಲೆ ಗುಟ್ಟಿನ ಸ್ಥಾನವನ್ನು ನಾಚಿಕೆ ಆಕ್ರಮಿಸುತ್ತದೆ. ಇಡೀ ಬದುಕನ್ನು ಜಾಣತನದಿಂದ ನಡೆಸಿದ ಹಿರಿಯರು, ‘ಈ ವಯಸ್ಸಿನಲ್ಲಿ ಇಷ್ಟು ದಡ್ಡತನವೇ’ ಎಂಬ ಮಾತನ್ನು ಮಕ್ಕಳಿಂದ ಕೇಳಬೇಕಾದೀತೆಂದು ಬಾಯಿಮುಚ್ಚಿ ಕೂರುತ್ತಾರೆ. ಆ ಮೌನದಲ್ಲಿ ಹಣವನ್ನು ತಡೆಯಬಹುದಾಗಿದ್ದ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಅಷ್ಟೇ ಅಲ್ಲ, ಅದೇ ವಂಚಕನು ಕೆಲವು ದಿನಗಳ ಮೇಲೆ ಪೊಲೀಸ್ ಅಧಿಕಾರಿಯೆಂದೋ ಬ್ಯಾಂಕಿನವನೆಂದೋ ಹೇಳಿಕೊಂಡು ‘ಕಳೆದ ಹಣವನ್ನು ಕೊಡಿಸುತ್ತೇನೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಎರಡನೆಯ ಬಾರಿ ಸುಲಿಯುತ್ತಾನೆ. ಮೊದಲ ಮೋಸವನ್ನು ಬಚ್ಚಿಟ್ಟವನು ಎರಡನೆಯದಕ್ಕೆ ಒಬ್ಬಂಟಿಯಾಗಿ ಸಿಗುತ್ತಾನೆ.

ಆದುದರಿಂದ ಮನೆಯ ಕಿರಿಯರ ಹೊಣೆ ಎರಡು ಬಗೆಯದು. ಬರುವ ಪತ್ರಗಳ ಬಗ್ಗೆ ಹಿರಿಯರಿಗೆ ಮೊದಲೇ ತಿಳಿಹೇಳುವುದು ಒಂದು. ತಪ್ಪಿ ಮೋಸಹೋದರೆ ಗದರದೆ ಕೇಳಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿನದು. ಗದರುವ ಮನೆಯಲ್ಲಿ ಸತ್ಯ ತಡವಾಗಿ ಹೊರಬೀಳುತ್ತದೆ. ತಡವಾದಷ್ಟೂ ಹಣ ದೂರವಾಗುತ್ತದೆ.

ಸಂಸ್ಥೆಗಳಿಗೂ ಎಚ್ಚರ

ಇಂತಹ ಪತ್ರಗಳು ವ್ಯಕ್ತಿಗಳಿಗೆ ಮಾತ್ರ ಬರುವುದಿಲ್ಲ. ವಿದ್ಯಾಸಂಸ್ಥೆ, ದತ್ತಿನಿಧಿ, ಆಸ್ಪತ್ರೆಗಳಿಗೂ ‘ವಿದೇಶದ ದಾನಿಯೊಬ್ಬರು ತಮ್ಮ ಆಸ್ತಿಯನ್ನು ನಿಮ್ಮ ಸಂಸ್ಥೆಗೆ ಬರೆದಿಟ್ಟಿದ್ದಾರೆ, ದಾಖಲೆಯ ಶುಲ್ಕ ಕಳುಹಿಸಿ’ ಎಂಬ ಒಕ್ಕಣೆಯ ಪತ್ರಗಳು ಬರುತ್ತವೆ. ಲಾಟರಿಯ ಜಾಗದಲ್ಲಿ ದಾನವಿದೆ, ತಿರುಳು ಅದೇ. ಸ್ವಂತಕ್ಕಾಗಿ ಆಸೆ ಪಡದವರು ಸಂಸ್ಥೆಯ ಕಟ್ಟಡಕ್ಕಾಗಿ, ಬಡ ವಿದ್ಯಾರ್ಥಿಗಳ ಊಟಕ್ಕಾಗಿ ಆಸೆ ಪಡುವ ಸಂಭವವಿರುವುದರಿಂದ ಈ ಬಗೆಯದು ಇನ್ನೂ ಅಪಾಯಕರ.

ಇಲ್ಲಿಯೂ ಕಾನೂನೇ ಉತ್ತಮ ರಕ್ಷಣೆ. 2010ರ ವಿದೇಶೀ ವಂತಿಗೆ ನಿಯಂತ್ರಣ ಅಧಿನಿಯಮದ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ವಿದೇಶೀ ವಂತಿಗೆಯನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ಅನಂತರ ಇಂತಹ ವಂತಿಗೆ ಮೊದಲು ಬಂದು ಸೇರಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಸಂಸ್ಥೆಯು ತೆರೆದ ನಿಗದಿತ ಖಾತೆಗೆ. ಕೊಡಲು ಬಂದವನು ಈ ದಾರಿಯನ್ನು ಬಿಟ್ಟು ಬೇರೆ ದಾರಿ ತೋರಿಸಿದರೆ, ಮುಂಗಡ ಹಣವನ್ನೂ ಕೇಳಿದರೆ, ಆಡಳಿತ ಮಂಡಳಿ ಇನ್ನೇನನ್ನೂ ವಿಚಾರಿಸಬೇಕಾಗಿಲ್ಲ. ಯಾವ ಅಧ್ಯಾಪಕನೂ ಗುಮಾಸ್ತನೂ ಇಂತಹ ಪತ್ರಕ್ಕೆ ಒಬ್ಬನೇ ಉತ್ತರಿಸಕೂಡದೆಂಬ ನಿಯಮವನ್ನು ಸಂಸ್ಥೆಗಳು ಮಾಡಿಕೊಳ್ಳುವುದು ಹಿತಕರ.

ಮೋಸಹೋದಾಗ ಮಾಡಬೇಕಾದುದು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ ಎಂಬ ಗಾದೆಯುಂಟು. ಆದರೆ ಈ ಬಗೆಯ ಸೂರೆಯಲ್ಲಿ ಬೇಗನೆ ಬಾಗಿಲು ಹಾಕಿದರೆ ಸ್ವಲ್ಪವಾದರೂ ಉಳಿಯುವ ಸಾಧ್ಯತೆಯಿದೆ. ವಂಚಕನ ಖಾತೆ ಸೇರಿದ ಹಣ ಒಡನೆಯೇ ನಗದಾಗುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತದೆ. ಆ ಓಟದ ನಡುವೆ ತಡೆಯುವುದಕ್ಕಾಗಿಯೇ ಕೇಂದ್ರ ಸರ್ಕಾರವು ರಾಷ್ಟ್ರೀಯ ಸಹಾಯವಾಣಿಯನ್ನು ಏರ್ಪಡಿಸಿದೆ. ಅದರ ಸಂಖ್ಯೆ 1930. ಮೋಸ ತಿಳಿದ ಕೂಡಲೇ, ಸಾಧ್ಯವಾದರೆ ಗಂಟೆಯೊಳಗೇ, ಈ ಸಂಖ್ಯೆಗೆ ಕರೆಮಾಡಿ ಖಾತೆ, ಮೊತ್ತ, ವೇಳೆ, ವ್ಯವಹಾರದ ಸಂಖ್ಯೆಗಳನ್ನು ತಿಳಿಸಬೇಕು. 2019ರಲ್ಲಿ ಆರಂಭವಾದ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ಸರ್ಕಾರಿ ಜಾಲತಾಣದಲ್ಲಿಯೂ ದೂರು ಸಲ್ಲಿಸಬಹುದು.

ಜೊತೆಗೆ ತನ್ನ ಬ್ಯಾಂಕಿಗೆ ತಿಳಿಸಿ ಖಾತೆಯನ್ನೂ ಕಾರ್ಡನ್ನೂ ತಡೆಹಿಡಿಸಬೇಕು. ಗ್ರಾಹಕನ ಅನುಮತಿಯಿಲ್ಲದೆ ನಡೆದ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ರಕ್ಷಣೆಯ ನಿಯಮಗಳನ್ನು ಹೊರಡಿಸಿತು; ಆದರೆ ಲಾಟರಿಯ ಮೋಸದಲ್ಲಿ ಹಣವನ್ನು ಗ್ರಾಹಕನೇ ತನ್ನ ಕೈಯಿಂದ ಕಳುಹಿಸಿರುವುದರಿಂದ ಅಂತಹ ರಕ್ಷಣೆಯನ್ನು ನೆಚ್ಚಿ ಕೂರುವಂತಿಲ್ಲ. ವೇಗವೇ ಇಲ್ಲಿ ಮುಖ್ಯ.

ಪತ್ರ, ಸಂದೇಶ, ರಸೀದಿ, ದೂರವಾಣಿ ಸಂಖ್ಯೆ, ಇವುಗಳನ್ನು ನಾಚಿಕೆಯಿಂದಾಗಲಿ ಕೋಪದಿಂದಾಗಲಿ ಅಳಿಸಬಾರದು, ಅವೇ ಸಾಕ್ಷ್ಯ. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಇಂದು ಮಂಗಳೂರು ನಗರದಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ‘ಸೆನ್’ ಎಂದು ಕರೆಯಲಾಗುವ ಪ್ರತ್ಯೇಕ ಠಾಣೆಯಿದೆ. ಗಣಕಯಂತ್ರದ ಮೂಲಕ ಬೇರೊಬ್ಬರ ವೇಷ ಧರಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ಕಲಮಿನಂತೆ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ.

ತರಗತಿಯಲ್ಲಿ ಒಂದು ಪಾಠ

ಈ ವಿಷಯವನ್ನು ಬೋಧಿಸಲು ಪ್ರತ್ಯೇಕ ಪಠ್ಯಪುಸ್ತಕ ಬೇಕಾಗಿಲ್ಲ. ಪತ್ರಲೇಖನದ ಪಾಠದಲ್ಲಿ ಭಾಷೆಯ ಅಧ್ಯಾಪಕರು ಮೇಲಿನ ಮಾದರಿಯನ್ನು ಕಪ್ಪುಹಲಗೆಯ ಮೇಲೆ ಬರೆದು ದೋಷಗಳನ್ನು ಹುಡುಕಿಸಬಹುದು. ಗಣಿತದ ಅಧ್ಯಾಪಕರು ಲಕ್ಷ ಟಿಕೆಟುಗಳ ನಡುವೆ ಒಂದಕ್ಕೆ ಬಹುಮಾನ ಬರುವ ಸಂಭವವನ್ನೂ, ಟಿಕೆಟೇ ಇಲ್ಲದವನಿಗೆ ಬರುವ ಸಂಭವ ಸೊನ್ನೆಯೆಂಬುದನ್ನೂ ಲೆಕ್ಕದಲ್ಲಿ ತೋರಿಸಬಹುದು. ಅನಂತರ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂದು ಸಂಜೆ ಮನೆಯ ಹಿರಿಯರೊಬ್ಬರಿಗೆ ಈ ನಾಲ್ಕು ಪ್ರಶ್ನೆಗಳನ್ನು ತಿಳಿಸಿಬರಬೇಕೆಂದು ಮನೆಗೆಲಸ ಕೊಡಬಹುದು:

1. ಟಿಕೆಟನ್ನು ಕೊಂಡದ್ದು ಯಾವಾಗ, ಎಲ್ಲಿ?
2. ಬಹುಮಾನ ಪಡೆಯಲು ಮೊದಲು ಹಣ ಕೇಳುತ್ತಿದ್ದಾರೆಯೇ?
3. ಆ ಹಣ ಯಾರ ಹೆಸರಿನ ಖಾತೆಗೆ ಹೋಗುತ್ತದೆ?
4. ಈ ವಿಷಯವನ್ನು ಗುಟ್ಟಾಗಿಡಲು ಹೇಳಿದ್ದಾರೆಯೇ?

ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಮೂರನ್ನು ಕೇಳುವ ಅಗತ್ಯವೇ ಇಲ್ಲ.

ಉಪಸಂಹಾರ

ಮನುಷ್ಯನ ಆಸೆ ಇರುವವರೆಗೆ ಅದನ್ನು ಸುಲಿಯುವವರೂ ಇರುತ್ತಾರೆ. ಕಾನೂನು ಅವರನ್ನು ಬೆನ್ನಟ್ಟಬಲ್ಲುದು. ಆದರೆ ಪತ್ರ ತೆರೆದ ಆ ಒಂದು ಕ್ಷಣದಲ್ಲಿ ಕಾನೂನು ಪಕ್ಕದಲ್ಲಿ ನಿಂತಿರುವುದಿಲ್ಲ. ಅಲ್ಲಿ ನಿಲ್ಲಬಲ್ಲವರು ಮನೆಯವರು, ನೆರೆಯವರು, ಶಾಲೆಯಿಂದ ಪಾಠ ಕಲಿತು ಬಂದ ಒಂದು ಮಗು. ಕೂಳೂರಿನಂತಹ ಊರಿನ ಮನೆಗಳಲ್ಲಿ ದುಡಿಮೆಯ ಹಣ ಒಂದೊಂದು ಪಾಳಿಯಾಗಿ, ಒಂದೊಂದು ತಿಂಗಳಾಗಿ ಕೂಡಿಬಂದದ್ದು. ಅದನ್ನು ಕಾಯುವುದಕ್ಕೆ, ಬಂದ ಪತ್ರವನ್ನು ಮನೆಯವರೆದುರು ಗಟ್ಟಿಯಾಗಿ ಓದುವ ಅಭ್ಯಾಸಕ್ಕಿಂತ ಅಗ್ಗವಾದ, ಭದ್ರವಾದ ಬೀಗ ಬೇರೊಂದಿಲ್ಲ.